ತೊಲೆಗೆ ತೂಗಿದ ಹರಿಗೋಲು

ಮೊನ್ನೆ ನನ್ನ ಸೊಸೆ ದಾಸವಾಳದ ಗಿಡಕ್ಕೆ ಹುಳ ಬಿದ್ದಿದೆಯೆಂದು ಅಂಗಡಿಯಿಂದ ಒಂದು ಸೀಸೆ ಎಣ್ಣೆ ತಂದಳು. ಮುಚ್ಚಳ ತೆಗೆದದ್ದೇ ತಡ, ಅಡುಗೆಮನೆಯಲ್ಲಿದ್ದ ನನ್ನ ಮೂಗಿಗೆ ಆ ಕಹಿ ವಾಸನೆ ಬಡಿಯಿತು. ಹೊಂಗೆ ಎಣ್ಣೆ. ಕೈಯಲ್ಲಿದ್ದ ಸೌಟನ್ನು ಹಾಗೇ ಇಟ್ಟು ಹಿತ್ತಲಿಗೆ ಹೋಗಿ ನಿಂತೆ. "ಯಾಕತ್ತೆ, ವಾಸನೆ ಆಗಲ್ವಾ?" ಅಂದಳು. ಆಗುವುದಿಲ್ಲ ಅಂದೆ. ಅದು ಸುಳ್ಳೇನಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಕೊರಟಗೆರೆ ತಾಲ್ಲೂಕಿನ ಒಂದು ಕೆರೆಯೂರಿನ ಶಾಲೆಗೆ ನನ್ನನ್ನು ಹಾಕಿದ್ದರು. ಇಪ್ಪತ್ತೆರಡು ವರ್ಷ, ಕೈಯಲ್ಲಿ ಟ್ರೈನಿಂಗಿನ ಸರ್ಟಿಫಿಕೇಟು, ತಲೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಜಂಬ. ನನಗೆ ಸಿಕ್ಕ ಬಾಡಿಗೆ ಕೋಣೆಯ ಗೋಡೆಗೆ ಅಂಟಿಕೊಂಡೇ ನೀರುಗಂಟಿ ತಾತನ ಮನೆ. ಕೆರೆಯ ತೂಬು ತೆರೆದು ಮುಚ್ಚಿ ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚುವುದು ಅವರ ಮನೆತನದ ಕೆಲಸ. ವಯಸ್ಸು ಐವತ್ತು ದಾಟಿತ್ತೋ ಇಲ್ಲವೋ, ಶಾಲೆಯ ಮಕ್ಕಳು ತಾತ ಅನ್ನುತ್ತಿದ್ದರು, ನಾನೂ ಅಂದೆ. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು. ಅವಳನ್ನು ಕೊಟ್ಟಿದ್ದದ್ದು ಕೆರೆಯ ಆಚೆ ದಡದ ಹಟ್ಟಿಗೆ.

ಬೇಸಿಗೆಯಲ್ಲಿ ಆ ಹಟ್ಟಿಗೆ ಕೆರೆಯಂಗಳದಲ್ಲೇ ನಡೆದು ಹೋಗಬಹುದಿತ್ತು. ಕೆರೆ ತುಂಬಿ ಕೋಡಿ ಬಿದ್ದರೆ ಏರಿಯ ದಾರಿಯೂ ಕಡಿದುಹೋಗುತ್ತಿತ್ತು. ಆಗ ಆಚೆಯವರಿಗೆ ಈಚೆಯ ಅಂಗಡಿ, ಔಷಧಿ, ಸೂಲಗಿತ್ತಿ ಎಲ್ಲಕ್ಕೂ ಇದ್ದದ್ದು ತಾತನ ಹರಿಗೋಲು ಒಂದೇ. ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿದ, ನಾಲ್ಕು ಜನ ಕೂರಬಹುದಾದ ಹರಿಗೋಲು.

ನೀರು ಇಳಿದ ಮೇಲೆ ಅದನ್ನು ದಡದಲ್ಲಿ ಬಿಡುವಂತಿಲ್ಲ. ನೆಲದಲ್ಲಿಟ್ಟರೆ ಗೆದ್ದಲು, ನಾಯಿಗಳಿಗೆ ತೊಗಲಿನ ರುಚಿ ಬೇರೆ. ಅದಕ್ಕೇ ತಾತ ಅದನ್ನು ತಲೆಯ ಮೇಲೆ ಹೊತ್ತು ಮನೆಗೆ ತರುತ್ತಿದ್ದರು. ಅವರ ಅಂಗಳದಲ್ಲಿ ಎರಡು ಕಲ್ಲುಕಂಬ, ಮೇಲೊಂದು ತೊಲೆ, ತೊಲೆಗೆ ಬಾವಿಯ ರಾಟೆ. ಕತ್ತಾಳೆ ನಾರಿನ ದಪ್ಪ ಹಗ್ಗದಿಂದ ಹರಿಗೋಲನ್ನು ಆಳೆತ್ತರಕ್ಕೆ ಏರಿಸಿ ಕಟ್ಟಿಬಿಡುವರು. ಯುಗಾದಿಯ ಹೊತ್ತಿಗೆ ವರ್ಷದ ಉಪಚಾರ ಶುರು. ಮುರಿದ ಬಿದಿರು ದಬ್ಬೆ ಬದಲಿಸಿ, ತೊಗಲಿನ ಹೊಲಿಗೆ ಬಿಗಿದು, ಕೊನೆಗೆ ತೊಗಲಿಗೆ, ರಾಟೆಗೆ, ಹಗ್ಗಕ್ಕೆ ಹೊಂಗೆ ಎಣ್ಣೆ. ವರ್ಷಕ್ಕೊಮ್ಮೆ ಹಚ್ಚಿದರೆ ಸಾಕು. ಮತ್ತೆ ಕೆರೆ ತುಂಬಿದಾಗ, ಇಳಿಸುವ ಮೊದಲು, ಹಗ್ಗವನ್ನು ಮಾರು ಮಾರು ಸವರಿ ನೋಡುತ್ತಿದ್ದರು. ಕಣ್ಣಿಗಿಂತ ಬೆರಳು ವಾಸಿ ಅನ್ನುವರು. ಆ ಎಣ್ಣೆಯ ನಾತ ಹದಿನೈದು ದಿನ ನನ್ನ ಕೋಣೆ ಬಿಟ್ಟು ಹೋಗುತ್ತಿರಲಿಲ್ಲ. ನಾನು ಗೊಣಗಿದರೆ ತಾತ ನಗುತ್ತಿದ್ದರು.

ನನ್ನ ಮೂರನೆಯ ಬೇಸಿಗೆಯಲ್ಲಿ ಅವರ ಬಲಗೈಗೆ ದಬ್ಬೆ ಸಿಗಿದು ಕೀವಾಯಿತು. ಶಿರಾದಲ್ಲಿ ಒಬ್ಬ ಹಕೀಮರು ಮುಲಾಮು ಹಾಕುತ್ತಾರೆಂದು ಅಲ್ಲಿಗೆ ಹೊರಟರು. ತೊಗಲಿಗೆ ಎಣ್ಣೆ ಆಗಿತ್ತು, ಹಗ್ಗ ಮತ್ತು ರಾಟೆ ಉಳಿದಿದ್ದವು. ಎಣ್ಣೆಯ ಕುಡಿಕೆಯನ್ನು ನನ್ನ ಹೊಸ್ತಿಲಲ್ಲಿಟ್ಟು, "ಹಗ್ಗುಕ್ಕೆ ಒಂದ್ ಕೈ ಹಚ್ಬುಡಿ ಟೀಚರಮ್ಮ, ಏಣಿ ಅಲ್ಲೇ ಐತೆ. ನೀವು ಓದ್ದೋರು, ನಿಮ್ಗೇನ್ ಯೋಳ್ಕೊಡೋದು" ಅಂದರು.

ಓದಿದವಳೇನೋ ಹೌದು. ಕುಡಿಕೆಯ ಮುಚ್ಚಳ ತೆಗೆದೆ, ತೆಗೆದಷ್ಟೇ ಬೇಗ ಮುಚ್ಚಿಬಿಟ್ಟೆ. ನನ್ನ ಗೂಡಿನಲ್ಲಿ ಮಕ್ಕಳ ಮನೆಯವರು ಕೊಟ್ಟಿದ್ದ ಗಾಣದ ಕಡಲೆಕಾಯಿ ಎಣ್ಣೆ ತುಂಬಿದ ಡಬ್ಬವಿತ್ತು. ಹೊಂಗೆ ಎಣ್ಣೆ ಬಡವರು ದೀಪಕ್ಕೆ ಹಾಕುವ ಎಣ್ಣೆ, ಇದು ತಿನ್ನುವ ಎಣ್ಣೆ, ಆದ್ದರಿಂದ ಇದೇ ಮೇಲು ಎಂದು ನನ್ನ ಲೆಕ್ಕ. ಎಣ್ಣೆ ಎಣ್ಣೆಯೇ ತಾನೆ? ಸೆರಗು ಸಿಕ್ಕಿಸಿ ಏಣಿ ಹತ್ತಿ ಹಗ್ಗಕ್ಕೂ ರಾಟೆಗೂ ಕಡಲೆಕಾಯಿ ಎಣ್ಣೆ ಧಾರಾಳವಾಗಿ ಸವರಿದೆ. ತಾತನಿಗೆ ಗೊತ್ತಾಗದಿರಲೆಂದು ಹೊಂಗೆ ಎಣ್ಣೆಯನ್ನು ತಿಪ್ಪೆಗೆ ಸುರಿದು ಖಾಲಿ ಕುಡಿಕೆಯನ್ನು ಅವರ ಜಗಲಿಯಲ್ಲಿಟ್ಟೆ. ಹದಿನೈದು ದಿನ ಬಿಟ್ಟು ಬಂದ ತಾತ ಕೆಳಗಿನಿಂದಲೇ ತಲೆಯೆತ್ತಿ ನೋಡಿ, "ಏನ್ ಮಿರುಗ್ತೈತೆ!" ಎಂದು ಮೆಚ್ಚಿಕೊಂಡರು. ತೊಗಲಿನ ನಾತದಲ್ಲಿ ಹಗ್ಗದ ವಾಸನೆ ಅವರಿಗೆ ಬೇರೆಯಾಗಿ ತಿಳಿಯಲಿಲ್ಲ. ಹೊಂಗೆ ಹಚ್ಚುವುದು ಅದು ಕಹಿ ಅಂತಲೇ, ಕಹಿಯಾದದ್ದಕ್ಕೆ ಇಲಿ ಬಾಯಿ ಹಾಕುವುದಿಲ್ಲ ಎಂಬುದು ನನಗೆ ತಿಳಿದದ್ದು ಭಾದ್ರಪದದಲ್ಲಿ...

ಆ ವರ್ಷ ಮೇಲಿನ ಗುಡ್ಡಗಳಲ್ಲಿ ಎರಡು ದಿನ ಬಿಡದೆ ಸುರಿಯಿತು. ಅರ್ಧ ಇದ್ದ ಕೆರೆ ಒಂದೇ ಹಗಲಲ್ಲಿ ತುಂಬಿ ಕೋಡಿ ಬಿತ್ತು. ಮರುದಿನ ಬೆಳಿಗ್ಗೆ ಆಚೆ ದಡದಲ್ಲಿ ತಾತನ ಅಳಿಯ ಕೆಂಪು ವಲ್ಲಿಯನ್ನು ಕೋಲಿಗೆ ಕಟ್ಟಿ ಬೀಸುತ್ತಿದ್ದ. ಮಗಳು ದಿನ ತುಂಬಿದ ಬಸುರಿ. ಚೊಚ್ಚಲು ತೌರಿನಲ್ಲೇ ಆಗಿತ್ತು, ಇದು ಎರಡನೆಯದಾದ್ದರಿಂದ ಗಂಡನ ಮನೆಯಲ್ಲೇ ಉಳಿದಿದ್ದಳು. ವಲ್ಲಿ ಬೀಸಿದರೆ ಸೂಲಗಿತ್ತಿಯನ್ನು ಕರೆತರಬೇಕು ಎಂದು ಮೊದಲೇ ಮಾತಾಗಿತ್ತು. ಸೂಲಗಿತ್ತಿ ಸೆರಗು ಹೊದ್ದು ತಾತನ ಅಂಗಳಕ್ಕೆ ಬಂದು ನಿಂತಳು. ನಾನೂ ಹೋಗಿ ನಿಂತೆ.

ಆ ದಿನ ಹಗ್ಗ ಸವರಿ ನೋಡಲು ತಾತನಿಗೆ ಪುರಸೊತ್ತಿರಲಿಲ್ಲ. ಗಂಟು ಬಿಚ್ಚಿ, ಕೈಗೆ ಸುತ್ತಿಕೊಂಡು ಇಳಿಬಿಡತೊಡಗಿದರು. ಒಂದು ಮೊಳ ಇಳಿದಿರಬೇಕು. ರಾಟೆಯ ಬಳಿ ಪಟ್ಟೆಂದು ಸದ್ದಾಯಿತು, ಹರಿಗೋಲು ಓರೆಯಾಗಿ ಕೆಳಗಿದ್ದ ಒರಳುಕಲ್ಲಿನ ಮೇಲೆ ಬಿತ್ತು. ಬಿದಿರು ಲಟಲಟನೆ ಮುರಿದು ತೊಗಲು ಉದ್ದಕ್ಕೂ ಹರಿಯಿತು.

ತಾತ ಹಗ್ಗದ ತುದಿಯನ್ನು ಕೈಗೆತ್ತಿಕೊಂಡರು. ನಾರು ಚೂರುಚೂರಾಗಿ ಕತ್ತರಿಸಿಹೋಗಿತ್ತು. "ಇಲಿ ಕಡ್ದೈತೆ" ಅಂದರು ಮೆಲ್ಲಗೆ. "ನಾನ್ ನೋಡ್ಲೇ ಇಲ್ವಲ್ಲ..."

ಎಣ್ಣೆಯ ಮಾತು ನನ್ನ ಬಾಯಿಗೆ ಬಂತು. ಬಂದದ್ದನ್ನು ನುಂಗಿದೆ.

ಅವರು ಒಣಗಿದ ಸೋರೆ ಬುರುಡೆ ಎರಡನ್ನು ಸೊಂಟಕ್ಕೆ ಕಟ್ಟಿಕೊಂಡು ಈಜಿ ಹೋದರು. ಸೂಲಗಿತ್ತಿ ಮುದುಕಿ, ಅವಳನ್ನು ಹೇಗೆ ಕರೆದೊಯ್ಯುವುದು? ಅವಳು ಏರಿಯ ಮೇಲೆ ಕೂತು ಸಂಜೆಯವರೆಗೂ ಆಚೆ ನೋಡಿದಳು. ಕೂಸು ಅಡ್ಡವಾಗಿತ್ತಂತೆ. ಅದನ್ನು ತಿರುಗಿಸುವ ಕೈ ಅವಳೊಬ್ಬಳದೇ. ತಾಯಿ, ಕೂಸು ಎರಡೂ ಉಳಿಯಲಿಲ್ಲ. ಕೋಡಿ ಇಳಿದ ಮೇಲೆ, ನಾಲ್ಕನೆಯ ದಿನ, ತಾತ ನಡೆದುಕೊಂಡು ವಾಪಸು ಬಂದರು.

ಊರು ಸುಮ್ಮನಿರಲಿಲ್ಲ. ಮಗಳ ಜೀವಕ್ಕೇ ಹಗ್ಗ ನೋಡದವನು ಊರಿನ ತೂಬು ಏನು ನೋಡಿಯಾನು ಅಂದರು. ಮುಂದಿನ ಬೆಳೆಗೆ ನೀರುಗಂಟಿ ಕೆಲಸ ಅವರ ತಮ್ಮನ ಮಗನಿಗೆ ಹೋಯಿತು. ತಾತ ಎದುರಾಡಲಿಲ್ಲ, ಅವರೂ ಅದನ್ನೇ ನಂಬಿದ್ದರು. ಆಮೇಲೆ ಅವರಿಗೆ ತಮ್ಮ ಕೈಯ ಮೇಲೇ ನಂಬಿಕೆ ಹೋಯಿತು. ಮೇಕೆಯನ್ನು ಗೂಟಕ್ಕೆ ಕಟ್ಟಿದರೆ ನನ್ನನ್ನು ಕರೆಯುವರು. "ಬಿಗಿಯಾಗೈತಾ ನೋಡಿ ತಾಯಿ, ನನ್ ಕೈ ಸುಳ್ಳು ಯೋಳ್ತದೆ." ನಾನು ಬಗ್ಗಿ ಗಂಟು ಮುಟ್ಟಿ, ಬಿಗಿಯಾಗಿದೆ ತಾತ, ಅನ್ನುತ್ತಿದ್ದೆ. ದಿನಾ ಬೆಳಿಗ್ಗೆ. ಇಂಥ ಹೇಡಿತನಕ್ಕೆ ಇನ್ನೊಂದು ಹೆಸರಿದ್ದರೆ ನನಗೆ ಗೊತ್ತಿಲ್ಲ.

ಮರುವರ್ಷ ಪಾವಗಡದ ಕಡೆಗೆ ವರ್ಗವಾಯಿತು. ನಾನೇ ಅರ್ಜಿ ಹಾಕಿಕೊಂಡಿದ್ದೆ. ಅಲ್ಲಿನ ಮಕ್ಕಳ ತೆಲುಗು ಬೆರೆತ ಮಾತು, ಹೊಸ ಮನೆ, ಮದುವೆ, ಏನು ಬಂದರೂ ಆ ಗಂಟು ನನ್ನ ಬೆರಳು ಬಿಡಲಿಲ್ಲ. ಐದು ವರ್ಷ ಕಳೆದ ಮೇಲೆ ಒಂದು ರಜೆಯಲ್ಲಿ ಹೇಳಿಯೇ ಬಿಡುತ್ತೇನೆಂದು ಹೊರಟೆ. ಮಧುಗಿರಿಯಲ್ಲಿ ಬಸ್ಸು ಬದಲಿಸಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ, ಮಕ್ಕಳು ಪದ್ಯ ಬಾಯಿಪಾಠ ಮಾಡುವ ಹಾಗೆ.

ತಾತ ಕುಗ್ಗಿಹೋಗಿದ್ದರು. ನನ್ನನ್ನು ಕಂಡು ಕಣ್ಣು ತುಂಬಿಕೊಂಡರು. ಬೇಡ ಬೇಡ ಅಂದರೂ ಒಲೆ ಹಚ್ಚಿ ಮುದ್ದೆ ತೊಳಸಿ, ಹುರುಳಿ ಸಾರು ಬಡಿಸಿದರು. ಎರಡು ತುತ್ತು ನುಂಗಿ, "ತಾತ, ಆ ಹಗ್ಗದ ವಿಷಯ..." ಅಂದೆ.

ಅವರು ಕೈ ಅಡ್ಡ ಹಿಡಿದರು.

"ಬ್ಯಾಡ ಕಣಮ್ಮ, ಅದ್ನ ಎತ್ಬ್ಯಾಡಿ. ಊರೆಲ್ಲಾ ಅಂತು, ಅಳಿಯಾನೂ ಅಂದ. ನೀವೊಬ್ರೇ ಒಂದ್ ದಿನಾನೂ ನನ್ನ ಅನ್ನಿಲ್ಲ. ನಿಮ್ಮುಖ ನೋಡ್ಕೊಂಡೇ ಆ ವರ್ಷ ಜೀವ ಹಿಡ್ಕೊಂಡೆ."

ಹೇಳಿದರೆ ಅವರಿಗೆ ಉಳಿದಿದ್ದ ಒಂದು ಮುಖವೂ ಹೋಗುತ್ತದೆ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡೆ. ಬಸ್ಸಿನ ತನಕ ಜೊತೆಗೆ ಬಂದು ಅವರು ಕೈಮುಗಿದರು.

ಅದಾದ ಎರಡು ವರ್ಷಕ್ಕೆ ತಾತ ತೀರಿಕೊಂಡರಂತೆ. ಈಗ ನನಗೆ ಅವರಿಗಿಂತ ಬಹಳ ಹೆಚ್ಚು ವಯಸ್ಸು. ಸೊಸೆಗೆ ಹೇಳಬಹುದು, ಮಗನಿಗೆ ಹೇಳಬಹುದು, ಇಲ್ಲಿ ಹೀಗೆ ಬರೆಯಲೂಬಹುದು. ಅಯ್ಯೋ ಪಾಪ, ನಿಮಗೇನು ಗೊತ್ತಿತ್ತು ಎಂದು ಎಲ್ಲರೂ ಸಮಾಧಾನ ಮಾಡುತ್ತಾರೆ. ನನಗೆ ಬೇಕಾದದ್ದು ಸಮಾಧಾನವಲ್ಲ. ತಪ್ಪು ನಿಮ್ಮ ಕೈಯದಲ್ಲ ತಾತ, ನನ್ನದು ಎಂಬ ಮಾತು ಒಬ್ಬರೇ ಒಬ್ಬರ ಕಿವಿಗೆ ಬೀಳಬೇಕಿತ್ತು. ಆ ದಿನ ಅವರು ಎದುರಿಗೆ ಕೂತು, ಸಾರು ಸಾಲದೇನೋ ಎಂದು ನನ್ನ ತಟ್ಟೆ ನೋಡುತ್ತಿದ್ದರು. ನಾನು ಇನ್ನಷ್ಟು ಬಡಿಸಿ ಅಂದೆ.