ಮೈನಸ್ ತೆಗೆದ ಎರಡು

ನಾನು ಮೊದಲಿನಿಂದಲೂ ಅನುಮಾನದ ಮನುಷ್ಯ. ಕಾರವಾರದ ಮಾರ್ಕೆಟ್ಟಿನಲ್ಲಿ ಬಂಗಡೆಯ ಕಿವಿರು ಎತ್ತಿ ನೋಡದೆ ಕೊಂಡವನಲ್ಲ. ನೋಡಿದ ಮೇಲೂ ಮಾರುವವಳ ಮುಖವನ್ನೊಮ್ಮೆ ನೋಡುತ್ತೇನೆ. ಮನೆಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋದವನು ವಾಪಸು ಬಂದು ಬೀಗ ಎಳೆದು ನೋಡಿದ್ದುಂಟು. ಹೆಂಡತಿ ಇದನ್ನು ರೋಗ ಅನ್ನುತ್ತಾಳೆ. ಅಂಕೋಲೆಗೆ ದಿನಾ ಹೋಗಿ ಪಿಯುಸಿ ಮಕ್ಕಳಿಗೆ ಗಣಿತ ಕಲಿಸುವ ನನಗೆ ಅದು ಉದ್ಯೋಗದ ಸಲಕರಣೆ.

ಲಾಗರಿದಮ್ ಪಾಠವಂತೂ ನನ್ನಂಥವನಿಗಾಗಿಯೇ ಇದೆ. ಹತ್ತನ್ನು ಎಷ್ಟನೇ ಘಾತಕ್ಕೆ ಏರಿಸಿದರೆ ನೂರು? ಎರಡು. ಅದೇ ನೂರರ ಲಾಗ್. ಆದರೆ ಹತ್ತನ್ನು ಎಷ್ಟಕ್ಕೇ ಏರಿಸಿ, ಇಳಿಸಿ, ಅದು ಸೊನ್ನೆಯಾಗುವುದಿಲ್ಲ, ಮೈನಸ್ಸಂತೂ ಆಗುವುದೇ ಇಲ್ಲ. ಆದ್ದರಿಂದ ಸೊನ್ನೆಗೂ ಮೈನಸ್ ಸಂಖ್ಯೆಗೂ ಲಾಗ್ ಇಲ್ಲ. ನೌಕಾನೆಲೆಯ ಗೇಟಿನಲ್ಲಿ ಪಾಸು ನೋಡಿ ಒಳಗೆ ಬಿಡುವ ಹಾಗೆ ಲಾಗಿನೊಳಗೆ ಹೋಗುವವರನ್ನು ವಿಚಾರಿಸಿ ಬಿಡಿ ಎಂದು ಪ್ರತಿ ವರ್ಷ ಹೇಳುತ್ತೇನೆ. ಮಕ್ಕಳು ನಗುತ್ತಾರೆ, ಪರೀಕ್ಷೆಯಲ್ಲಿ ಸೊನ್ನೆಯ ಲಾಗ್ ಸೊನ್ನೆ ಎಂದು ಬರೆಯುತ್ತಾರೆ. ಎರಡು ಸಂಖ್ಯೆಗಳ ಮೊತ್ತದ ಲಾಗನ್ನು ಒಡೆದು ಎರಡು ಲಾಗ್ ಮಾಡಿ ಕೂಡಿಸುತ್ತಾರೆ. ಅದು ನಡೆಯುವುದು ಗುಣಲಬ್ಧಕ್ಕೆ ಮಾತ್ರ. ಇವೆಲ್ಲ ನನಗೆ ಹಳೆಯ ಪರಿಚಯದ ತಪ್ಪುಗಳು, ಸಿಟ್ಟೂ ಬರುವುದಿಲ್ಲ.

ಕಳೆದ ವರ್ಷ ಅರ್ಧವಾರ್ಷಿಕ ಪರೀಕ್ಷೆಯ ಪೇಪರು ತಿದ್ದುವಾಗ ಸಿಕ್ಕಿದ್ದು ಬೇರೆಯದೇ ತಪ್ಪು. xನ ಲಾಗಿಗೆ x−3ರ ಲಾಗ್ ಕೂಡಿಸಿದರೆ 1 ಬರುತ್ತದೆ, x ಎಷ್ಟು ಎಂದು ಕೇಳಿದ್ದೆ. ಬಿಡಿಸುತ್ತ ಹೋದರೆ 5 ಮತ್ತು −2 ಎಂದು ಎರಡು ಉತ್ತರ ಸಿಗುತ್ತವೆ. −2ಕ್ಕೆ ಲಾಗ್ ಇಲ್ಲವಾದ್ದರಿಂದ ಅದನ್ನು ಪೂರ್ತಿ ಕೈಬಿಟ್ಟು 5 ಒಂದನ್ನೇ ಇಟ್ಟುಕೊಳ್ಳಬೇಕು. ಆರು ಪೇಪರುಗಳಲ್ಲಿ ಮಾತ್ರ ‘5, 2’ ಎಂದು ಬರೆದು, ಪಕ್ಕದಲ್ಲಿ, ಇಂಗ್ಲಿಷ್ ಉತ್ತರದ ನಡುವೆ ಕನ್ನಡದಲ್ಲಿ, ‘ಮೈನಸ್ ನಡೆಯುವುದಿಲ್ಲ’ ಎಂದಿತ್ತು. ಮೈನಸ್ ನಡೆಯುವುದಿಲ್ಲವೆಂದು ಆ ಗೆರೆಯನ್ನಷ್ಟೇ ತೆಗೆದು ಎರಡನ್ನು ಉಳಿಸಿಕೊಂಡಿದ್ದರು. ತಪ್ಪು ಯಾರು ಬೇಕಾದರೂ ಮಾಡಬಹುದು. ಆರು ಜನ ಅದೇ ತಪ್ಪನ್ನು ಅದೇ ಮಾತಿನಲ್ಲಿ ಮಾಡುವುದಿಲ್ಲ.

ಯಾರು ಎಲ್ಲಿ ಕೂತಿದ್ದರೆಂಬ ಪಟ್ಟಿ ತರಿಸಿದೆ. ಆರೂ ಜನ ಬೊಬ್ರುವಾಡದ ಒಂದೇ ಕೇರಿಯವರು. ಐವರು ಒಂದೇ ಕೋಣೆಯಲ್ಲಿದ್ದರು, ಕಾಪಿ ಎಂದು ಬರೆದುಕೊಂಡೆ. ಆರನೆಯವಳು, ಒಬ್ಬ ಹುಡುಗಿ, ಲೈಬ್ರರಿಯಲ್ಲಿ ಬೇರೆಯೇ ಕೂತಿದ್ದಳು. ಆಗ ನೆನಪಾಯಿತು: ಪರೀಕ್ಷೆಯ ಹಿಂದಿನ ದಿನ ಇದೇ ಹುಡುಗಿ ನೋಟ್‌ಬುಕ್ಕಿನ ಕಟ್ಟು ಇಡಲು ಸ್ಟಾಫ್ ರೂಮಿಗೆ ಬಂದಿದ್ದಳು. ನನ್ನ ಮೇಜಿನ ಮೇಲೆ ಹಾಜರಿ ಪುಸ್ತಕದ ಅಡಿಯಲ್ಲಿ ಪ್ರಶ್ನೆಪತ್ರಿಕೆ ಇತ್ತು. ಇವಳು ಕದ್ದು ನೋಡಿದ್ದಾಳೆ, ಉಳಿದವರಿಗೆ ಹೇಳಿದ್ದಾಳೆ, ಆರೂ ಜನ ಸೇರಿ ಬಿಡಿಸಿದ್ದಾರೆ. ನನ್ನ ತಲೆಯಲ್ಲಿ ವಿಚಾರಣೆ ಮುಗಿದೇ ಹೋಯಿತು.

ಕರೆಸಿ ಕೇಳಿದೆ. ಏನೂ ನೋಡಿಲ್ಲ ಎಂದಳು, ನೆಲ ನೋಡುತ್ತ. ನೆಲ ನೋಡಿದ್ದೇ ಸಾಕ್ಷಿಯಾಯಿತು ನನಗೆ. ಮುಖ ನೋಡಿ ಹೇಳಿದ್ದರೆ ಎಂಥ ಧೈರ್ಯ ಎನ್ನುತ್ತಿದ್ದೆ. ಅಪ್ಪನನ್ನು ಕರೆದುಕೊಂಡು ಬರುವತನಕ ಕ್ಲಾಸಿಗೆ ಬರಬೇಡ ಎಂದೆ.

ನಾಲ್ಕು ದಿನ ಅವಳೂ ಬರಲಿಲ್ಲ, ಅಪ್ಪನೂ ಬರಲಿಲ್ಲ. ಐದನೆಯ ದಿನ ಅವಳ ಕೇರಿಯ ಇನ್ನೊಬ್ಬಳು ಹೇಳಿದಳು: ಕಳ್ಳಿ ಅನ್ನಿಸಿಕೊಂಡು ಓದುವುದು ಬೇಡ ಎಂದು ಅಪ್ಪ ಓದು ಬಿಡಿಸುತ್ತಿದ್ದಾನೆ, ಸೋಮವಾರದಿಂದ ಅವಳು ಗೇರುಬೀಜದ ಫ್ಯಾಕ್ಟರಿಗೆ. ಇಷ್ಟು ದೂರ ಹೋಗುತ್ತದೆಂದು ನಾನು ಎಣಿಸಿರಲಿಲ್ಲ. ಆದರೆ ಅನುಮಾನ ಹೋಯಿತೆಂದರೆ ಸುಳ್ಳಾಗುತ್ತದೆ. ಶನಿವಾರ ಮಧ್ಯಾಹ್ನ ಬೊಬ್ರುವಾಡಕ್ಕೆ ಹೋದದ್ದು ಅರ್ಧ ಅವಳ ಓದು ಉಳಿಸಲು, ಅರ್ಧ ಸಾಕ್ಷಿ ಹುಡುಕಲು.

ಅಪ್ಪ ಹರಿವೆ ಮಡಿಗೆ ನೀರು ಹಾಕುತ್ತಿದ್ದವನು ಕೈ ತೊಳೆದು ಬಂದು ಅಂಗಳದಲ್ಲಿ ಕುರ್ಚಿ ಇಟ್ಟ. ತಾನು ಕೂರಲಿಲ್ಲ. ಆ ಉತ್ತರ ನಿನಗೆಲ್ಲಿ ಸಿಕ್ಕಿತು ಎಂದು ಹುಡುಗಿಯನ್ನೇ ಕೇಳಿದೆ. ಅವಳು ಒಳಗಿನಿಂದ ಒಂದು ನೋಟ್‌ಬುಕ್ ತಂದುಕೊಟ್ಟಳು. ಕ್ಯಾಲೆಂಡರಿನ ಹಾಳೆಯ ರಟ್ಟು, ಮೂಲೆಗಳು ಸವೆದಿದ್ದವು. ಹದಿನಾಲ್ಕು ವರ್ಷದ ಹಿಂದೆ ಆ ಕೇರಿಯಿಂದ ಮೊದಲು ಪಿಯುಸಿ ಪಾಸಾದ ಹುಡುಗನದು. ಪಾಸಾದವರು ಮುಂದಿನವರ ಮನೆಗೆ ಅದನ್ನು ಒಯ್ದು ಕೊಡುವುದು ಅಲ್ಲಿಯ ರೂಢಿಯಂತೆ. ಎಲ್ಲರೂ ಅದನ್ನೇ ನೋಡಿ ಬರೆದುಕೊಂಡು ಕಲಿಯುವುದು.

ಪುಟ ತೆರೆದೆ. ಅದೇ ಲೆಕ್ಕ. ಇಷ್ಟು ವರ್ಷ ಅದನ್ನು ಬದಲಿಸದೆ ಕೇಳುತ್ತ ಬಂದ ಸೋಮಾರಿ ನಾನೇ. ‘5, 2. ಮೈನಸ್ ನಡೆಯುವುದಿಲ್ಲ.’ ಆ ಮಾತು ಕ್ಲಾಸಿನಲ್ಲಿ ನಾನು ಹೇಳುವುದು. ಆ ಹುಡುಗ ಕೇಳಿಸಿಕೊಂಡು ಮೈನಸ್ಸನ್ನಷ್ಟೇ ತೆಗೆದಿದ್ದ. ಹಿಂದೆಲ್ಲ ಆ ಕೇರಿಯಿಂದ ವರ್ಷಕ್ಕೆ ಒಬ್ಬರೋ ಇಬ್ಬರೋ ಬರುತ್ತಿದ್ದರಿಂದ ಈ ತಪ್ಪು ನನಗೆ ಎದ್ದು ಕಂಡಿರಲಿಲ್ಲ. ಕೆಳಗೆ ಕೆಂಪು ಶಾಯಿಯಲ್ಲಿ ಸರಿ ಗುರುತು, ಅದರ ಕೆಳಗೆ ನನ್ನ ಸಹಿ. ಇಲಾಖೆಯವರು ತಪಾಸಣೆಗೆ ಬರುತ್ತಾರೆಂದರೆ ಐವತ್ತು ನೋಟ್‌ಬುಕ್ ಮುಂದಿಟ್ಟುಕೊಂಡು ಚಹಾ ಕುಡಿಯುತ್ತ ಸಹಿ ಹಾಕಿದವನು ನಾನು. ಬಂಗಡೆಯ ಕಿವಿರಿನಷ್ಟೂ ಇದನ್ನು ಎತ್ತಿ ನೋಡಿರಲಿಲ್ಲ.

ಸಹಿಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ, 2−3 = −1, ಒಂದು ಪ್ರಶ್ನಾರ್ಥಕ ಚಿಹ್ನೆ. ಯಾರು ಬರೆದದ್ದು ಎಂದೆ.

“ನಾನೇ ಸರ್. ಎರಡು ಹಾಕಿ ನೋಡ್ದೆ, ಒಳಗೆ ಮೈನಸ್ ಬಂತು. ಆದ್ರೆ ನಿಮ್ಮ ಸಹಿ ಇತ್ತಲ್ರಾ. ನಂದೇ ತಪ್ಪು ಇರ್ಬೇಕು ಅಂದ್ಕಂಡೆ.”

ಇಪ್ಪತ್ತು ವರ್ಷ ಅನುಮಾನ ಪಡಿ ಎಂದು ಕಲಿಸಿದ್ದನ್ನು ಒಬ್ಬಳು ಕಲಿತಿದ್ದಳು, ಅವಳನ್ನೇ ಹೊರಗೆ ಹಾಕಿದ್ದೆ. ಅವಳು ಕದ್ದಿಲ್ಲ, ತಪ್ಪು ನನ್ನದು ಎಂದು ಅಪ್ಪನಿಗೆ ಹೇಳಿದೆ. ಅವನಿಗೆ ನಂಬಿಕೆ ಬರಲಿಲ್ಲ. ಹುಡುಗಿಯನ್ನು ಉಳಿಸಲು ಮಾಸ್ತರು ಸುಳ್ಳು ಹೇಳುತ್ತಿದ್ದಾರೆ ಎಂಬಂತೆ ನನ್ನ ಮುಖವನ್ನೇ ನೋಡಿದ. ನೋಟ್‌ಬುಕ್ ಹಿಡಿದು ನನ್ನ ಸಹಿ ತೋರಿಸಿ ಇನ್ನೊಮ್ಮೆ ಹೇಳಬೇಕಾಯಿತು.

“ಹಾಗಾರೆ ಸೋಮವಾರ ಕಾಲೇಜಿಗೆ ಕಳ್ಸೂದಾ?” ಎಂದು ಕೇಳಿದ. ಕಳಿಸಿ ಎಂದೆ.

ಸೋಮವಾರ ಅವಳು ಬಂದು ಮೂರನೇ ಬೆಂಚಿನಲ್ಲಿ ಕೂತಳು. ಇಡೀ ಕ್ಲಾಸಿನ ಎದುರು ನಡೆದದ್ದನ್ನೆಲ್ಲ ಹೇಳಿ, ಅವಳ ಕ್ಷಮೆ ಕೇಳಿದೆ. ಆಮೇಲೆ ಅಂಥದೇ ಹೊಸ ಲೆಕ್ಕ ಬಿಡಿಸಿ, ಉತ್ತರದ ಕೆಳಗೆ ಗೆರೆ ಎಳೆದು ಡಸ್ಟರ್ ಎತ್ತಿಕೊಂಡೆ.

“ಸರ್,” ಎಂದಳು ಮೂರನೇ ಬೆಂಚಿನಿಂದ, “ನೀವು ಒಳಗೆ ಹಾಕಿ ನೋಡ್ಲಿಲ್ಲ.”

ಈ ಸಲ ನೆಲ ನೋಡುತ್ತಿರಲಿಲ್ಲ. ನಾನು ಡಸ್ಟರ್ ಕೆಳಗಿಟ್ಟು, ಅವಳ ಕಣ್ಣೆದುರೇ ಹಾಕಿ ನೋಡಿದೆ.