ಸ್ವಿಚ್ಚಕ್ಕನೂ ಮೊಟ್ಟೆ ಗಾಡಿಯ ದೀಪವೂ

"ಕರೆಂಟು ನನ್ನ ಮಾತು ಮೀರಲ್ಲ ಭಾವ. ಬಾ ಅಂದ್ರೆ ಬರುತ್ತೆ, ನಿಲ್ಲು ಅಂದ್ರೆ ನಿಲ್ಲುತ್ತೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲನೂ ನನಗೆ ಎದುರಾಡಿಲ್ಲ."

ಹೀಗೆಂದಾಗ ಸ್ವಿಚ್ಚಕ್ಕನ ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಎಲ್‌ಇಡಿ ಪಟ್ಟಿಯ ಸುರುಳಿ, ಹಲ್ಲುಗಳ ನಡುವೆ ನಾಲ್ಕು ಸ್ಕ್ರೂ ಇದ್ದವು. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ಅಷ್ಟು ಸ್ಪಷ್ಟವಾಗಿ ಜಂಬ ಕೊಚ್ಚಬಲ್ಲವರು ಭೂಮಂಡಲದಲ್ಲಿ ಇನ್ನೊಬ್ಬರಿಲ್ಲ.

ಜಂಬ ಪೂರ್ತಿ ಗಾಳಿಯದೇನಲ್ಲ. ಮದುವೆಯಾದ ಹೊಸದರಲ್ಲಿ, ಮನೆಯ ವೈರಿಂಗನ್ನು ಅರ್ಧಕ್ಕೆ ಬಿಟ್ಟು ವೈರ್‌ಮನ್ ನಾಪತ್ತೆಯಾಗಿದ್ದ. ಹದಿನೈದು ದಿನ ಮೇಣದಬತ್ತಿಯ ಬೆಳಕಲ್ಲಿ ಅಡುಗೆ ಮಾಡಿ ರೋಸಿಹೋದ ಆಕೆ, ಅವನು ಮರೆತುಹೋದ ಇಕ್ಕಳವನ್ನೇ ಎತ್ತಿಕೊಂಡು ಉಳಿದರ್ಧ ಮುಗಿಸಿದಳು. ಆಮೇಲೆ ಪಕ್ಕದ ಮನೆ, ಎದುರು ಮನೆ, ಹಿಂದಿನ ಬೀದಿ. ಈಗ ಆ ಬಡಾವಣೆಯಲ್ಲಿ ಯಾರಾದರೂ ದೀಪ ಹಾಕಿದರೆ ಅದು ಆಕೆಯ ಅಪ್ಪಣೆ ಪಡೆದೇ ಹೊತ್ತಿಕೊಳ್ಳುತ್ತದೆಂದು ಜನ ನಂಬಿದ್ದರು. ಆಕೆಯಂತೂ ಎಂದೋ ನಂಬಿಯಾಗಿತ್ತು.

ಆದರೆ ಇದು ಗೋಡೆಯಲ್ಲ, ಗಾಡಿ. ಗಂಡನ ಪಿಕಪ್ಪು. ಅದರ ಹಿಂದಿನ ತೆರೆದ ಬಾಡಿಯ ಮೇಲೆ ಗೂಡಿನಂತೆ ಟಾರ್ಪಾಲು ಹೊದಿಸಿ, ಗಂಡ ದಿನವೂ ಒಂದು ದೊಡ್ಡ ಬೇಕರಿಗೆ ಮೊಟ್ಟೆ ಸಾಗಿಸುತ್ತಿದ್ದ. ಬೇಕರಿಯ ಉಗ್ರಾಣ ಕಟ್ಟಡದ ನೆಲಮಾಳಿಗೆಯಲ್ಲಿ. ಅಲ್ಲಿ ನಡುಮಧ್ಯಾಹ್ನವೂ ಎಂಥ ಕತ್ತಲೆಂದರೆ, ಕಣ್ಣು ಮುಚ್ಚಿದರೂ ತೆರೆದರೂ ವ್ಯತ್ಯಾಸ ಗೊತ್ತಾಗದೆ ಜನ ನಿಂತಲ್ಲೇ ನಿದ್ದೆ ಹೋಗುತ್ತಿದ್ದರು. ಅದರಲ್ಲೂ ಟಾರ್ಪಾಲಿನೊಳಗೆ ಕೇಳುವುದೇ ಬೇಡ. ಟ್ರೇ ಹುಡುಕುವ ಕಾಲು ಟ್ರೇಯನ್ನೇ ತುಳಿಯುತ್ತಿತ್ತು. ಮೂರು ಲೋಡು ಹೀಗಾದ ಮೇಲೆ ಉಗ್ರಾಣದ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು: "ನಾಳೆ ಒಂದು ಮೊಟ್ಟೆ ಒಡೆದರೂ ನಾಡಿದ್ದಿಂದ ಬೇರೆ ಗಾಡಿ."

ಆ ಬಾಡಿಗೆ ಹೋದರೆ ಮನೆಯ ಒಲೆಗೇ ಸಂಚಕಾರ. ಗಂಡ ಓಡಿದ್ದು ತನ್ನ ಅಣ್ಣನ ಬಳಿಗೆ. ಸ್ವಿಚ್ಚಕ್ಕನ ಈ ಭಾವನಿಗೆ ಗಾಡಿಗಳ ವೈರಿಂಗ್ ಅಂಗಡಿಯಿತ್ತು. "ಮುಂದಿನ ವಾರ ನೋಡೋಣ" ಎಂದಿದ್ದವನು, ತಮ್ಮನ ಹೆಂಡತಿಯೇ ಕೈಹಾಕಿದಳೆಂದು ಕೇಳಿದ್ದೇ ತಡ, ಅಂಗಡಿಗೆ ಬಾಗಿಲೆಳೆದು ಓಡಿಬಂದ. ಕೆಲಸಕ್ಕೆ ಇಲ್ಲದ ಪುರುಸೊತ್ತು ತಮಾಷೆ ನೋಡಲು ಸಿಕ್ಕಿತ್ತು.

"ಅಮ್ಮಾ, ಗೋಡೆಯಲ್ಲಿ ವೈರು ಎಳೆದ ಹಾಗಲ್ಲ ಇದು. ಗಾಡಿಯಲ್ಲಿ ಕರೆಂಟಿಗೂ ಡ್ರೈವಿಂಗ್ ಬರಬೇಕು."

"ಅದಕ್ಕೂ ಕಲಿಸ್ತೀನಿ ಬಿಡಿ ಭಾವ. ಸ್ವಲ್ಪ ಪಕ್ಕಕ್ಕೆ ಸರೀರಿ, ಬೆಳಕಿಗೆ ಅಡ್ಡ ಬಂದಿದ್ದೀರಿ."

ಆಕೆ ಬಾಡಿಯ ಅಂಚನ್ನು ಒಳಗಿನಿಂದ ಒರೆಸಿ, ಎಣ್ಣೆಯ ಜಿಡ್ಡು ಹೋಗುವಂತೆ ಉಜ್ಜಿ, ಒಣಗಿಸಿ, ಎರಡೂ ಬದಿಗೆ ಎಲ್‌ಇಡಿ ಪಟ್ಟಿ ಅಂಟಿಸಿದಳು. ಟ್ರೇ ತಗುಲಿ ಕಿತ್ತುಬರದಂತೆ ಅದನ್ನು ಅಂಚಿನ ಮಡಿಕೆಯೊಳಗೆ ಕೂರಿಸಿದಳು. ತಗಡಿನ ತೂತಿಗೆ ರಬ್ಬರ್ ಬಳೆ ತೊಡಿಸಿ ಅದರಲ್ಲಿ ವೈರು ತೂರಿಸಿದಳು. ಬಣ್ಣ ಕೆರೆದು, ಬರೀ ಕಬ್ಬಿಣ ಮಿನುಗಿದ ಮೇಲೆ ಅಲ್ಲಿ ಕಪ್ಪು ವೈರನ್ನು ಬಿಗಿದಳು. ಕೆಂಪು ವೈರಿಗೆ ಫ್ಯೂಸು. ಭಾವ ಹುಳುಕು ಹುಡುಕಿ ಹುಡುಕಿ ಕುತ್ತಿಗೆ ಹಿಡಿಸಿಕೊಂಡ; ಸಿಗಲಿಲ್ಲ.

ಇನ್ನುಳಿದದ್ದು ಕರೆಂಟು ಎಲ್ಲಿಂದ ತರುವುದೆಂಬುದು. ಹಿಂದಿನ ದೀಪಕ್ಕೆ ಹೋಗುವ ವೈರುಗಳ ಕಟ್ಟನ್ನು ಬಿಚ್ಚಿ, ಎರಡು ತುಂಡು ವೈರು ಕಟ್ಟಿದ ಪುಟ್ಟ ಬಲ್ಬನ್ನು ಹಿಡಿದು ಕೂತಳು. ಗಂಡನನ್ನು ಡ್ರೈವರ್ ಸೀಟಿಗೆ ಹತ್ತಿಸಿದಳು.

"ರೀ, ಪಾರ್ಕಿಂಗ್ ಲೈಟ್ ಹಾಕಿ!"

"ಹಾಕಿದೆ!"

ಮೊದಲು ಮುಟ್ಟಿದ ವೈರಿಗೇ ಬಲ್ಬು ಹೊತ್ತಿತು.

"ಆರಿಸಿ ಇಳೀರಿ!"

ಆತ ಇಳಿದ, ಬಲ್ಬು ಆರಿತು. ಇದಕ್ಕಿಂತ ಸಾಕ್ಷಿ ಬೇಕೆ? ಅದೇ ವೈರಿಗೆ ಕೆಂಪನ್ನು ಸೇರಿಸಿ ಟೇಪು ಸುತ್ತಿದಳು. ಗಂಡ ಮತ್ತೆ ಹತ್ತಿ ಲೈಟು ಹಾಕಿದಾಗ ಟಾರ್ಪಾಲಿನೊಳಗೆ ಎಂಥ ಬೆಳಕು ಚೆಲ್ಲಿತೆಂದರೆ, ಮೂಲೆಯಲ್ಲಿದ್ದ ಜೇಡ ಗಂಟುಮೂಟೆ ಕಟ್ಟಿತು.

ಮರುದಿನ ಮಧ್ಯಾಹ್ನ ಅರವತ್ತು ಟ್ರೇ, ಸಾವಿರದೆಂಟುನೂರು ಮೊಟ್ಟೆ ಹೊತ್ತ ಪಿಕಪ್ಪು ನೆಲಮಾಳಿಗೆಗೆ ಹಿಮ್ಮುಖವಾಗಿ ಇಳಿಯಿತು. ಸ್ವಿಚ್ಚಕ್ಕ ಮುಂದಿನ ಸೀಟಿನಲ್ಲಿ ಮದುವಣಗಿತ್ತಿಯಂತೆ ಕೂತಿದ್ದಳು. ಭಾವ ಸ್ಕೂಟರಿನಲ್ಲಿ ಹಿಂಬಾಲಿಸಿದ್ದ. ಗಾಡಿ ನಿಂತಿತು. ಹಿಂಬಾಗಿಲು ತೆರೆದರೆ ಒಳಗೆ ಬೆಳದಿಂಗಳನ್ನೇ ಹೊಯ್ದಂತೆ ಬೆಳಕು.

"ಪರವಾಗಿಲ್ವೇ!" ಎಂದರು ಮೇಡಂ.

ಟ್ರೇ ಇಳಿಸಲು ಗಂಡ ಸೀಟಿನಿಂದ ಧುಮುಕಿದ. ಗವ್ವೆಂದು ಕತ್ತಲು.

ಮತ್ತೆ ಹತ್ತಿದ. ಬೆಳಕು. ಇಳಿದ. ಕತ್ತಲು.

"ಅಮ್ಮಾ, ಎದುರಾಡಲ್ಲ ಅಂದಿದ್ದೆಯಲ್ಲ, ಈಗ ಕಣ್ಣು ಹೊಡೀತಿದೆ!" ಭಾವನ ನಗು ನಾಲ್ಕೂ ಗೋಡೆಗೆ ಬಡಿದು ಎಂಟಾಗಿ ವಾಪಸು ಬಂತು. "ಒಂದು ಕೆಲಸ ಮಾಡು. ಅವನು ಸೀಟಲ್ಲೇ ಕೂತಿರಲಿ, ಮೊಟ್ಟೆಗಳೇ ಸಾಲಾಗಿ ಇಳಿದು ಬರ್ಲಿ."

ಮೇಲಿನಿಂದ, ಒಳಗಿಳಿಯಲು ಕಾದಿದ್ದ ಮೈದಾ ಲಾರಿಯ ಹಾರ್ನ್ ಕೇಳಿಸಿತು. ಮೇಡಂ ಗಡಿಯಾರ ನೋಡಿಕೊಂಡರು. "ಹತ್ತು ನಿಮಿಷ. ಅಷ್ಟರೊಳಗೆ ಇಳಿಸದಿದ್ದರೂ ಬೇರೆ ಗಾಡಿ, ಒಡೆದರೂ ಬೇರೆ ಗಾಡಿ."

ಸ್ವಿಚ್ಚಕ್ಕನ ಮುಖ ಬಿಳಿಚಿತು. ಒಂದೇ ಕ್ಷಣ. ಆಮೇಲೆ ಆಕೆ ಭಾವನನ್ನೂ ನೋಡಲಿಲ್ಲ, ಮೇಡಂ ಅವರನ್ನೂ ನೋಡಲಿಲ್ಲ. ಮತ್ತೆ ಸೀಟಿಗೇರಿ ಬೆಪ್ಪಾಗಿ ಕೂತಿದ್ದ ಗಂಡನ ಪಾದ ನೋಡಿದಳು.

"ರೀ, ನಿಮ್ಮ ಬಲಗಾಲು ಎಲ್ಲಿದೆ?"

"ಎಲ್ಲಿರುತ್ತೆ? ಬ್ರೇಕ್ ಮೇಲೆ."

"ಗಾಡಿ ನಿಂತಿದೆಯಲ್ಲ!"

"ನಿಂತರೇನು, ಅಭ್ಯಾಸ."

ಆತ ಮೂವತ್ತು ವರ್ಷದಿಂದ ಒಂದು ಕೋಳಿಗೂ ಗಾಡಿ ತಾಗಿಸದ ಡ್ರೈವರು. ಊಟಕ್ಕೆ ಕುರ್ಚಿಯ ಮೇಲೆ ಕೂತರೂ ಬಲಗಾಲು ನೆಲ ಅದುಮುತ್ತಿತ್ತು. ಮೇಜಿನಡಿ ಆತನ ಪಾದದಷ್ಟಗಲ ನೆಲ ಸವೆದು ಗುಳಿ ಬಿದ್ದಿದೆಯೆಂದರೆ ನೀವು ನಂಬಬೇಕು. ನಿನ್ನೆ ಬಲ್ಬು ಹೊತ್ತಿದ್ದು ಪಾರ್ಕಿಂಗ್ ಲೈಟಿಗಲ್ಲ, ಆ ಪಾದಕ್ಕೆ. ಸ್ವಿಚ್ಚಕ್ಕ, ಬ್ರೇಕ್ ತುಳಿದರಷ್ಟೇ ಉರಿಯುವ ಬ್ರೇಕ್ ಲೈಟಿನ ವೈರಿಗೆ ಗಂಟು ಹಾಕಿದ್ದಳು!

"ಕರೆಂಟು ಸರಿಯಾಗೇ ಇದೆ," ಎಂದಳು. "ನಾನು ಕೇಳಿದ್ದೇ ತಪ್ಪು ಕಡೆ. ಇಳೀರಿ ಕೆಳಗೆ. ಎರಡೂ ಕಾಲು ನೆಲದ ಮೇಲೆ! ಹೊರಗೆ ನಿಂತೇ ಕೈಚಾಚಿ ಲೈಟ್ ಹಾಕಿ!"

ಮೊಬೈಲಿನ ಬೆಳಕನ್ನು ಗಲ್ಲ-ಭುಜದ ಮಧ್ಯೆ ಸಿಕ್ಕಿಸಿಕೊಂಡು ಗಾಡಿಯಡಿಗೆ ತೂರಿದಳು. ಟೇಪು ಬಿಚ್ಚಿ, ಗಂಟು ಕಳಚಿ, ಹೊರಗೆ ಕಂಡ ತಾಮ್ರದ ತಂತಿಗೆ ಟೇಪನ್ನು ಬಿಗಿಯಾಗಿ ಸುತ್ತಿ ಮುಚ್ಚಿದಳು. ಪುಟ್ಟ ಬಲ್ಬನ್ನು ಒಂದೊಂದೇ ವೈರಿಗೆ ಮುಟ್ಟಿಸಿದಳು. ಮೂರನೆಯದಕ್ಕೆ ಬಲ್ಬು ಹೊತ್ತಿತು. "ಆರಿಸಿ!" ಆರಿತು. "ಹಾಕಿ!" ಹೊತ್ತಿತು. "ಈಗ ಒಂದು ಹೆಜ್ಜೆ ಆ ಕಡೆ ಹೋಗಿ!" ಗಂಡ ಹೋದ, ಬಲ್ಬು ಕದಲಲಿಲ್ಲ. ಲೈಟು ಆರಿಸಲು ಹೇಳಿ ಕೆಂಪು ವೈರನ್ನು ಅಲ್ಲಿಗೆ ಸೇರಿಸಿದಳು. ಗಾಡಿಯಡಿಯಿಂದ ಹೊರಬಂದಾಗ ಮೂಗಿನ ಮೇಲೆ ಗ್ರೀಸು, ಕೂದಲಲ್ಲಿ ಮೈದಾ ಧೂಳು.

"ಈಗ ಹಾಕಿ."

ಬೆಳಕು ಬಂತು. ಗಂಡ ಗಾಡಿ ಬಿಟ್ಟು ಕಂಬದವರೆಗೆ ನಡೆದು ಹೋದ. ಬೆಳಕು ಹಾಗೇ ಇತ್ತು. ಟ್ರೇಯ ಪ್ರತಿ ಗುಳಿ, ತಗಡಿನ ಪ್ರತಿ ಗೀರು ಕಂಡಿತು. ಅಷ್ಟು ಬೆಳಕಿಗೆ ಸಾವಿರದೆಂಟುನೂರು ಮೊಟ್ಟೆಗಳೂ ತಮ್ಮನ್ನೇ ಯಾರೋ ಫೋಟೋ ತೆಗೆಯುತ್ತಿದ್ದಾರೆಂದು ನೆಟ್ಟಗೆ ಕೂತವು. ಗಂಡ ಎತ್ತಿಕೊಟ್ಟ, ಸ್ವಿಚ್ಚಕ್ಕ ಹಿಡಿದಳು, ನಗಲು ಬಂದಿದ್ದ ಭಾವನ ಕೈಗೂ ಟ್ರೇ ಬಂತು. ಒಂಬತ್ತನೇ ನಿಮಿಷಕ್ಕೆ ಕೊನೆಯ ಟ್ರೇ ಕಪಾಟು ಸೇರಿತು. ಮೇಡಂ ಕನ್ನಡಕ ಏರಿಸಿಕೊಂಡು ಸಾಲು ಸಾಲಾಗಿ ನೋಡಿದರು, ಬಗ್ಗಿ ನೋಡಿದರು. ಒಂದರಲ್ಲೂ ಬಿರುಕಿಲ್ಲ.

"ನಾಳೆಯೂ ಇದೇ ಗಾಡಿ ಬರಲಿ," ಎಂದರು. ಎರಡು ಹೆಜ್ಜೆ ಹೋಗಿ ತಿರುಗಿದರು. "ಈ ನೆಲಮಾಳಿಗೆಗೂ ದೀಪ ಹಾಕಿಕೊಡ್ತೀರಾ?"

ಗಂಡ ಎದೆಯುಬ್ಬಿಸಿದ ಪರಿಗೆ ಅಂಗಿಯ ಗುಂಡಿ ಹಾರಿತು. ಭಾವ ಮಾತ್ರ ಕೈಯ ಧೂಳು ಕೊಡವಿಕೊಂಡು, ದೊಡ್ಡ ಮನಸ್ಸು ಮಾಡಿದವನಂತೆ ಗಂಟಲು ಸರಿಮಾಡಿಕೊಂಡ.

"ಪರವಾಗಿಲ್ಲಮ್ಮ, ಕೈ ಚುರುಕಾಗಿದೆ. ನಾಳೆಯಿಂದ ನನ್ನ ಅಂಗಡಿಗೆ ಬಾ. ಗಾಡಿ ವೈರಿಂಗ್ ಪಾಠ ಶುರುಮಾಡೋಣ."

ಸ್ವಿಚ್ಚಕ್ಕ ಸೆರಗಿನಿಂದ ಮೂಗಿನ ಗ್ರೀಸು ಒರೆಸಿಕೊಂಡಳು.

"ಬರ್ತೀನಿ ಭಾವ. ಪೆನ್ನು ಪುಸ್ತಕ ಮಾತ್ರ ನೀವೇ ರೆಡಿ ಇಟ್ಕೊಂಡಿರಿ."