ಸರಂಬ ದೇಶದ ಮಂದಿಗೆ ಹೆಸರು

ಮಹಾರಾಷ್ಟ್ರದ ಗಡಿಗೆ ಹತ್ತಿದ ಬೋರಗಾಂವದ ಧನಪಾಲ ಮೂವತ್ತು ವರ್ಷದಿಂದ ವಿದ್ಯುತ್ ಮಗ್ಗ ಓಡಿಸುತ್ತಿದ್ದಾನೆ. ಮಗ್ಗದ ಗದ್ದಲದಲ್ಲಿ ಯಾರ ಮಾತೂ ಕೇಳಿಸುವುದಿಲ್ಲ. ಹಾಗಾಗಿ ಅವನು ತಲೆಯೊಳಗೇ ಒಂದು ದೇಶ ಕಟ್ಟಿಕೊಂಡಿದ್ದ. ಅದರ ಹೆಸರು ಸರಂಬ. ಎರಡು ನದಿ, ಒಂದು ಘಟ್ಟ, ಮುಂಗೋಪದ ಒಬ್ಬ ರಾಣಿ. ರಜೆಯ ದಿನ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ.

ಪಕ್ಕದ ಮಗ್ಗದ, ಮರಾಠಿ ಮನೆಮಾತಿನ ರಾಜಾರಾಮನಿಗೆ ಮಾತ್ರ ಇದು ಗೊತ್ತಿತ್ತು. ಒಂದು ದಿನ ಚಹಾ ಕುಡಿಯುತ್ತ ಅವನು ಕೇಳಿದ: "ಧನಪಾಲಣ್ಣಾ, ಆ ದೇಶದಾಗ ಹೆಚ್ಚಿನ ಮಂದಿ ಯಾರು?"

"ಯಾರಂದ್ರ? ಮಂದಿ."

"ಅವ್ರಿಗೊಂದು ಹೆಸರು ಬ್ಯಾಡೇನು?"

ಧನಪಾಲ ತಬ್ಬಿಬ್ಬಾದ. ರಾಣಿಯ ಕುದುರೆಗೂ ಹೆಸರಿಟ್ಟಿದ್ದ, ಮಂದಿಗೆ ಇಟ್ಟಿರಲಿಲ್ಲ.

ಮರುದಿನ 'ತೋರಕರ' ಎಂದು ಬರೆದು ತಂದ. ರಾಜಾರಾಮನ ಮುಖ ಅರಳಿತು. "ಕೊನೀಗೆ 'ಕರ' ಬಂತಂದ್ರ ಮರಾಠಿ ಅಡ್ಡಹೆಸರು. ನಮ್ಮ ಮಂದೀನ ಆದ್ರಲ್ಲ!"

ಹಾಗೇನೂ ಅಂದುಕೊಂಡಿರದ ಧನಪಾಲ ಅದನ್ನು ಹೊಡೆದುಹಾಕಿ 'ತೋರಣ್ಣವರ' ಎಂದು ತಿದ್ದಿದ. ರಾಜಾರಾಮ ಓದಿ, "ಈಗ ನಿಮ್ಮ ಕನ್ನಡ ಮಂದಿ ಆದ್ರು. ಆಗ್ಲಿ ಬಿಡಣ್ಣಾ, ದೇಶ ನಿಂದು" ಎಂದು ಎದ್ದು ಹೋದ.

ಆ ಮಾತು ಧನಪಾಲನಿಗೆ ನಾಟಿತು. ಮನೆಗೆ ಬಂದವನೇ, ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಲಕ್ಷ್ಮಿಬಾಯಿಯ ಮುಂದೆ ಕೂತು ಎಲ್ಲ ಹೇಳಿದ. ಅವಳು ನಗಲಿಲ್ಲ.

"ಆ ದೇಶದ ಮಂದಿ ತಮಗ ತಾವ ಏನಂತ ಅಂದ್ಕೋತಾರ, ಹೊರಗಿನವ್ರು ಏನಂತಾರ? ಎರಡೂ ಒಂದ ಇರಂಗಿಲ್ರಿ. ಗಡಿ ದಾಟಿ ಇಚಲಕರಂಜಿಗೆ ನೂಲು ತರಾಕ ಹೋದ್ರ ನಿಮಗ ಕಾನಡಿ ಅಂತಾರ. ಚಿಕ್ಕೋಡಿಗೆ ಹೋದ್ರ ಮರಾಠಿ ಮಂದಿ ಬಂದ್ರು ಅಂತಾರ. ನಿಮಗ ನೀವು ಏನಂತೀರಿ?"

ಧನಪಾಲ ಬಾಯಿ ತೆರೆದ. ಜೈನರು ಅನ್ನಬೇಕೋ, ಕನ್ನಡದವರು ಅನ್ನಬೇಕೋ, ಬರೀ ಬೋರಗಾಂವದವರು ಅಂದರೆ ಸಾಕೋ? ಅವನು ಅವ್ವನ ಜೊತೆ ಮಾತಾಡುವುದು ಕನ್ನಡ. ಸಿಟ್ಟು ಬಂದಾಗ ಬೈಯುವುದು ಮರಾಠಿ. ಐವತ್ತೈದು ವರ್ಷದಲ್ಲಿ ಇದನ್ನು ಯಾರೂ ಹೀಗೆ ಎದುರು ಕೂತು ಕೇಳಿರಲಿಲ್ಲ.

"ರೊಟ್ಟಿ ಹಾಕು" ಎಂದ.

ಕೊನೆಗೆ ಆ ಕೆಲಸವನ್ನು ಸರಂಬದ ಮಂದಿಗೇ ಬಿಟ್ಟ. ಅವರೆಲ್ಲ ಹುಣಸೆಮರದ ಕೆಳಗೆ ಸಭೆ ಸೇರಿದರು ಎಂದು ಬರೆಯತೊಡಗಿದ. ಹದಿನೆಂಟು ಪುಟವಾದರೂ ಸಭೆ ಮುಗಿದಿಲ್ಲ. ಘಟ್ಟದವರು ಒಪ್ಪಿದ್ದನ್ನು ನದಿಯವರು ಒಪ್ಪುವುದಿಲ್ಲ.

"ಠರಾವು ಆತೇನಣ್ಣಾ?" ಎಂದು ರಾಜಾರಾಮ ದಿನಾ ಕೇಳುತ್ತಾನೆ.

"ಇನ್ನ ಇಲ್ಲೋ. ಊಟಕ್ಕ ಎದ್ದಾರ."

"ನಮ್ಮ ಪೈಕಿ ಒಬ್ಬರಿಗೆ ಮಾತಾಡಾಕ ಕೊಡು."

"ಕೊಡತೀನಿ. ಆದ್ರ ಅವ್ರನ್ನ ಏನಂತ ಕರೀಲಿ?"

"ಸದ್ಯಕ್ಕ ಅವ್ರನ್ನೂ ಊಟಕ್ಕ ಕಳಸು" ಎಂದ ರಾಜಾರಾಮ. ಎದ್ದು ಹೋಗಿ ತನ್ನ ಮಗ್ಗ ಚಾಲೂ ಮಾಡಿದ.